ಬೀಗ ಬಾಡಿಗೆದಾರನದು, ಮನೆ ನಿಮ್ಮದು

ಈ ತಿಂಗಳು ಕಾನೂನು ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಬಾಡಿಗೆಯವೇ. ಕೊಡಗಿನ ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಮನೆ, ಮಳಿಗೆ, ಹೋಂಸ್ಟೇ, ಗದ್ದೆ ಕೊಟ್ಟವರು ಬರೆದಿದ್ದೀರಿ. ಕರಾರು ಮುರಿದವರು ಬಾಡಿಗೆದಾರರು, ನಿದ್ದೆ ಕೆಟ್ಟವರು ನೀವು. ಆರು ಪತ್ರಗಳನ್ನು ಆರಿಸಿಕೊಂಡು, ಗುರುತು ಸಿಗುವ ವಿವರಗಳನ್ನು ತೆಗೆದು ಉತ್ತರಿಸಿದ್ದೇನೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಆ ಪತ್ರ ಬರೆದವರು ಮಾಡಹೊರಟ ತಪ್ಪನ್ನು ನನ್ನ ತಂದೆ ಮಾಡಿದ್ದನ್ನು ಪಕ್ಕದಲ್ಲೇ ನಿಂತು ಕಂಡವಳು ನಾನು.

ಪ್ರಶ್ನೆ: ವಕೀಲರೇ, ನಾನು ನಿವೃತ್ತ ಶಿಕ್ಷಕಿ. ಪತಿ ಇಲ್ಲ. ಮಡಿಕೇರಿಯಲ್ಲಿ ನಮ್ಮ ಮನೆಯ ಕೆಳಭಾಗವನ್ನು ಕಳೆದ ವರ್ಷದ ಜೂನ್‌ನಲ್ಲಿ ರೆಸಾರ್ಟ್ ಕೆಲಸದ ಹುಡುಗನೊಬ್ಬನಿಗೆ 11 ತಿಂಗಳ ಕರಾರಿನ ಮೇಲೆ ಕೊಟ್ಟೆ. ಬಾಡಿಗೆ 9,000 ರೂಪಾಯಿ, ಮುಂಗಡ 40,000. ಮಾರ್ಚ್‌ನಿಂದ ಬಾಡಿಗೆ ಬಂದಿಲ್ಲ. ಏಪ್ರಿಲ್‌ನಲ್ಲಿ ವಿಷುವಿಗೆಂದು ಊರಿಗೆ ಹೋದವನು ತಿರುಗಿ ಬಂದಿಲ್ಲ, ಫೋನ್ ಎತ್ತುವುದಿಲ್ಲ. ಒಳಗೆ ಮಂಚ, ಫ್ರಿಜ್, ಗ್ಯಾಸ್ ಸಿಲಿಂಡರ್ ಇವೆ. ಬಿಲ್ ಕಟ್ಟದೆ ಕರೆಂಟ್ ಹೋಗಿದೆ, ಕಿಟಕಿಯ ಸಂದಿಯಿಂದ ಕೆಟ್ಟ ವಾಸನೆ ಬರುತ್ತಿದೆ. ಹೊಸ ಬಾಡಿಗೆದಾರರು ಆಗಸ್ಟ್‌ಗೆ ಬರಲು ಸಿದ್ಧರಿದ್ದಾರೆ. ಬೀಗ ಒಡೆದು ಸಾಮಾನನ್ನು ಸೌದೆ ಕೊಟ್ಟಿಗೆಯಲ್ಲಿ ಇಡಿಸಬಹುದೇ? ಮನೆ ನನ್ನದೇ ಅಲ್ಲವೇ?

ಉತ್ತರ: ಟೀಚರ್, ಮನೆ ನಿಮ್ಮದೇ. ಆದರೆ ಆ ಬೀಗದ ಹಿಂದಿರುವ ಸ್ವಾಧೀನ ಇನ್ನೂ ಅವನದು. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ.

ವಿರಾಜಪೇಟೆಯ ನಮ್ಮ ಮನೆಯ ಮುಂಭಾಗದಲ್ಲಿ ಎರಡು ಮಳಿಗೆಗಳಿದ್ದವು. ಒಂದರಲ್ಲಿ ಒಬ್ಬ ದರ್ಜಿ ಇದ್ದರು. ಆರು ತಿಂಗಳ ಬಾಡಿಗೆ ಬಾಕಿ ಇಟ್ಟು, ಬಾಗಿಲು ಎಳೆದುಕೊಂಡು ಹೋದವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಕಕ್ಕಡದ ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಅಪ್ಪ ಸುತ್ತಿಗೆ ತಂದು ಬೀಗ ಒಡೆದರು. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಹಳೆಯ ಸೀರೆಗಳಲ್ಲಿ ಕಟ್ಟಿದ ಗಂಟುಗಳು ಜಗಲಿಗೆ ಬಂದವು. ಪಿಯುಸಿ ಓದುತ್ತಿದ್ದ ನಾನೂ ಒಂದು ಗಂಟನ್ನು ಹೊತ್ತು ತಂದಿಟ್ಟೆ. ಇರಚಲು ಹೊಡೆದು ಯಂತ್ರದ ಕಾಲುಗಳಿಂದ ತುಕ್ಕಿನ ನೀರು ಕಾವಿ ನೆಲದ ಮೇಲೆ ಹರಿಯಿತು. ಆ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮೂರು ತಿಂಗಳ ನಂತರ ದರ್ಜಿ ನ್ಯಾಯಾಲಯಕ್ಕೆ ಹೋದರು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹೀಗೆ ಹೇಳುತ್ತದೆ: ಕಾನೂನಿನ ದಾರಿ ಬಿಟ್ಟು, ಒಪ್ಪಿಗೆಯಿಲ್ಲದೆ ಸ್ವಾಧೀನ ತಪ್ಪಿಸಲಾದ ವ್ಯಕ್ತಿ ಆರು ತಿಂಗಳೊಳಗೆ ದಾವೆ ಹೂಡಿದರೆ ಸ್ವಾಧೀನವನ್ನು ಹಿಂದಕ್ಕೆ ಪಡೆಯಬಹುದು. ಆಸ್ತಿಯ ಒಡೆಯ ಯಾರು ಎಂಬುದು ಅಲ್ಲಿ ಮುಖ್ಯವಲ್ಲ. ಆ ಆದೇಶಕ್ಕೆ ಮೇಲ್ಮನವಿಯೂ ಇಲ್ಲ. ದರ್ಜಿ ಒಳಗಿದ್ದರೇ, ಅವರನ್ನು ನ್ಯಾಯಾಲಯದ ಆದೇಶವಿಲ್ಲದೆ ಹೊರಹಾಕಲಾಯಿತೇ ಎಂಬ ಎರಡೇ ಪ್ರಶ್ನೆಗಳು ಬಂದವು. ಆರು ತಿಂಗಳ ಬಾಕಿಯ ಲೆಕ್ಕ ಅಪ್ಪನ ಜೇಬಿನಲ್ಲೇ ಉಳಿಯಿತು. ಹೊಸ ಬೀಗದ ಕೈಯನ್ನು ಅವರೇ ದರ್ಜಿಯ ಕೈಗೆ ಕೊಟ್ಟರು. ಆಮೇಲೆ ದರ್ಜಿ, ಗಂಟಿನಲ್ಲಿ ಮದುವೆಯ ನಾಲ್ಕು ರೇಷ್ಮೆ ರವಿಕೆಗಳಿದ್ದವು, ಕಾಣುತ್ತಿಲ್ಲ ಎಂದರು. ಇದ್ದವೋ ಇಲ್ಲವೋ, ನಮ್ಮ ಬಳಿ ಪಟ್ಟಿ ಇರಲಿಲ್ಲ. ಅಪ್ಪ ಹಣ ಕೊಟ್ಟರು. ನಾನು ಕಾನೂನು ಓದಲು ಹೊರಟದ್ದು ಆ ವರ್ಷದಿಂದಲೇ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ.

ಈಗ ನಿಮ್ಮ ವಿಷಯ. ವಾಸದ ಮನೆಯ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ವ್ಯವಹಾರವನ್ನು ಆಳುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. 11 ತಿಂಗಳ ಕರಾರು ಏಪ್ರಿಲ್ ಕೊನೆಗೆ ಮುಗಿದಿದೆ. ಅವಧಿ ಮುಗಿದರೆ ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು ಎನ್ನುವವರಿದ್ದಾರೆ, ಅದು ತಪ್ಪಲ್ಲ. ಆದರೆ ಕರಾರು ಮುಗಿದ ಮೇಲೂ ನೀವು ಬಾಡಿಗೆ ಕೇಳುತ್ತಲೇ ಇದ್ದೀರಿ. ಆ ಮಾತನ್ನೇ ಹಿಡಿದು, ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯಿತು ಎಂದು ನಾಳೆ ಅವನು ವಾದಿಸಬಹುದು. ಹಾಗಾಗಿ 106ನೇ ಕಲಮಿನಂತೆ ಹದಿನೈದು ದಿನಗಳ ನೋಟಿಸನ್ನು ಇಂದೇ ಕೊಡಿಸಿ. ಲಿಖಿತವಾಗಿರಲಿ, ನಿಮ್ಮದೋ ನಿಮ್ಮ ವಕೀಲರದೋ ಸಹಿ ಇರಲಿ. ಒಂದು ಪ್ರತಿ ಅವನ ಆಧಾರ್‌ನಲ್ಲಿರುವ ಊರಿನ ವಿಳಾಸಕ್ಕೆ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಹೋಗಲಿ. ಅಲ್ಲಿ ಅವನ ಮನೆಯವರು ತೆಗೆದುಕೊಂಡರೂ ನಡೆಯುತ್ತದೆ. ಇನ್ನೊಂದು ಪ್ರತಿಯನ್ನು ಆ ಬೀಗದ ಬಾಗಿಲಿಗೇ ಅಂಟಿಸಿ, ಅಂದಿನ ದಿನಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದು ಫೋಟೋ ತೆಗೆಸಿ, ನೆರೆಯ ಇಬ್ಬರಿಂದ ಸಹಿ ಹಾಕಿಸಿ. ಮೂರನೆಯದನ್ನು ವಾಟ್ಸಾಪ್‌ಗೆ ಕಳುಹಿಸಿ. ಎರಡು ನೀಲಿ ಗೆರೆ ಬಿದ್ದರೆ ಆ ಪರದೆಯ ಚಿತ್ರವನ್ನೂ ಇಟ್ಟುಕೊಳ್ಳಿ.

ನಿಮ್ಮ ಲೆಕ್ಕ ನೋಡಿದೆ. ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳ ಬಾಕಿ 36,000. ಮುಂಗಡದಲ್ಲಿ ಉಳಿದದ್ದು 4,000. ಇನ್ನು ಹದಿನೈದು ದಿನ ಕಳೆದರೆ ಅದೂ ಕರಗುತ್ತದೆ. ಇಂದೇ ಎಂದು ಒತ್ತಿ ಹೇಳಿದ್ದು ಇದಕ್ಕೇ.

ಬಾಡಿಗೆದಾರ ಮನೆಯನ್ನು ನಿಜವಾಗಿ ಬಿಟ್ಟುಹೋಗಿ, ಅದನ್ನು ನೀವೂ ಒಪ್ಪಿಕೊಂಡರೆ ಕರಾರು ಅಲ್ಲಿಗೆ ಮುಗಿಯುತ್ತದೆ. ಇದನ್ನು ಕಾನೂನು ಒಪ್ಪುತ್ತದೆ. ಆದರೆ ಮಂಚ, ಫ್ರಿಜ್ ಒಳಗಿರುವಾಗ ‘ಬಿಟ್ಟುಹೋದ’ ಎಂದು ಸಾಧಿಸುವುದು ಕಷ್ಟ. ಆದ್ದರಿಂದ ನೋಟಿಸಿನಲ್ಲಿ ಒಂದು ಸಾಲು ಸೇರಿಸಿಸಿ: ಮನೆ ಬೇಡವಾಗಿದ್ದರೆ, ಬೀಗ ತೆಗೆದು ಸಾಮಾನನ್ನು ಸಾಕ್ಷಿಗಳ ಎದುರು ಪಟ್ಟಿ ಮಾಡಿ ಇಡಲು ಒಪ್ಪಿಗೆ ಇದೆ ಎಂದು ಲಿಖಿತವಾಗಿ ತಿಳಿಸಬೇಕು. ಇಂಥ ಹುಡುಗರು ಓಡಿಹೋಗುವುದು ಹೆಚ್ಚಾಗಿ ಬಾಕಿಯ ಭಯಕ್ಕೆ. ಬಾಕಿಯನ್ನು ಮುಂಗಡದಲ್ಲಿ ಹಿಡಿದುಕೊಳ್ಳುತ್ತೇನೆ, ಬಂದು ಸಾಮಾನು ಒಯ್ಯಿ ಎಂದು ಬರೆದರೆ ಎಷ್ಟೋ ಜನ ಮರುದಿನವೇ ಫೋನ್ ಮಾಡುತ್ತಾರೆ. ಇಪ್ಪತ್ತೇಳು ವರ್ಷ ಕಚೇರಿಯಲ್ಲಿ ಕೂತು ಕಂಡದ್ದನ್ನು ಹೇಳುತ್ತಿದ್ದೇನೆ. ‘ಬಿಟ್ಟಿದ್ದೇನೆ, ಬೀಗ ತೆಗೆಯಿರಿ’ ಎಂಬ ಒಂದು ಸಂದೇಶ ಬಂದರೂ ಸಾಕು, ನೀವು ಬೀಗ ತೆಗೆಸಬಹುದು. ತೆಗೆಸುವಾಗ ಇಬ್ಬರು ಸಾಕ್ಷಿಗಳಿರಲಿ, ಆರಂಭದಿಂದ ಕೊನೆಯವರೆಗೆ ವಿಡಿಯೋ ಇರಲಿ, ತಟ್ಟೆ ಲೋಟದವರೆಗೆ ಪಟ್ಟಿಯಾಗಲಿ.

ಉತ್ತರವೇ ಬರದಿದ್ದರೆ ಸ್ವಾಧೀನಕ್ಕೂ ಬಾಕಿಗೂ ಸೇರಿಸಿ ಸಿವಿಲ್ ದಾವೆ. ಅವಧಿ ಮೀರಿ ಹಿಡಿದಿಟ್ಟುಕೊಂಡ ದಿನಗಳಿಗೂ ಪರಿಹಾರ ಕೇಳಬಹುದು. ದಾವೆಯ ಜೊತೆಗೇ, ಒಳಗಿನ ಸ್ಥಿತಿ ನೋಡಿ ಸಾಮಾನು ಪಟ್ಟಿ ಮಾಡಲು ಕೋರ್ಟ್ ಕಮಿಷನರ್ ಒಬ್ಬರನ್ನು ನೇಮಿಸಿ ಎಂದು ಅರ್ಜಿ ಹಾಕಿಸಿ. ಕೊಳೆತ ವಾಸನೆ, ಸಿಲಿಂಡರ್ ಎರಡನ್ನೂ ಅದರಲ್ಲಿ ಬರೆಸಿ. ಅಷ್ಟರೊಳಗೆ ಗ್ಯಾಸ್ ಸೋರುವ ವಾಸನೆ ಬಂದರೆ ಮಾತ್ರ ಕಾಯಬೇಡಿ. ಪೊಲೀಸರಿಗೆ ಹೇಳಿ, ಅವರ ಎದುರು ಬಾಗಿಲು ತೆಗೆಸಿ, ಸಿಲಿಂಡರ್ ಹೊರಗಿಡಿಸಿ, ಮತ್ತೆ ಬೀಗ ಹಾಕಿಸಿ ಕೈಯನ್ನು ಅವರ ಬಳಿಯೇ ಬಿಡಿ.

ವಕೀಲರ ಶುಲ್ಕದ ಚಿಂತೆಯನ್ನೂ ಬರೆದಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಪಿಂಚಣಿ ಬರುತ್ತದೆ ಎಂಬ ಕಾರಣಕ್ಕೆ ಹಿಂಜರಿಯಬೇಡಿ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರಾರು ಪತ್ರ, ಬ್ಯಾಂಕ್ ಪಾಸ್‌ಬುಕ್, ಅವನ ಆಧಾರ್ ಪ್ರತಿ ಹಿಡಿದು ಹೋಗಿ. ಹೊಸ ಬಾಡಿಗೆದಾರರಿಗೆ ಆಗಸ್ಟ್ ಎಂದು ಮಾತು ಕೊಡಬೇಡಿ. ಕೊಟ್ಟಿದ್ದರೆ ಇಂದೇ ಫೋನ್ ಮಾಡಿ ನಿಜ ಹೇಳಿಬಿಡಿ. ಅವರಿಂದ ಮುಂಗಡ ಪಡೆದು ಮನೆ ಕೊಡಲಾಗದಿದ್ದರೆ ಆಗ ಕರಾರು ಮುರಿದವರು ನೀವಾಗುತ್ತೀರಿ.

ಪ್ರಶ್ನೆ: ಮಾದಾಪುರದ ಕಡೆ ತೋಟದೊಳಗೆ ನಮ್ಮದೊಂದು ಹೋಂಸ್ಟೇ ಇದೆ. ನಡೆಸಲು ಕೈಲಾಗದೆ ಬೆಂಗಳೂರಿನ ಒಬ್ಬರಿಗೆ ಐದು ವರ್ಷಕ್ಕೆ ಕೊಟ್ಟೆ. ತಿಂಗಳಿಗೆ 60,000, ಮುಂಗಡ 3 ಲಕ್ಷ. ಮೂರು ವರ್ಷ ಬಿಡುವಂತಿಲ್ಲ, ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಪೂರ್ತಿ ಕೊಡಬೇಕು ಎಂದು ಛಾಪಾ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ನೋಂದಣಿ ಮಾಡಿಸಲಿಲ್ಲ. 14 ತಿಂಗಳಿಗೆ, ಮಳೆ ಹಿಡಿಯುವ ಮುಂಚೆ, ಕೀ ಕಳುಹಿಸಿ ಹೊರಟುಹೋದರು. ಈಗ ಮುಂಗಡ ಕೇಳುತ್ತಿದ್ದಾರೆ. 22 ತಿಂಗಳ ಬಾಡಿಗೆ, ಅಂದರೆ 13 ಲಕ್ಷದ 20 ಸಾವಿರ ವಸೂಲಿ ಮಾಡಬಹುದಲ್ಲವೇ?

ಉತ್ತರ: ಇಲ್ಲ. ಈ ಉತ್ತರ ನಿಮಗೆ ನೋವು ಕೊಡುತ್ತದೆ ಎಂದು ಬಲ್ಲೆ. ಆದರೆ ಆ 13 ಲಕ್ಷವನ್ನು ನಂಬಿ ನೀವು ಸಾಲ ಮಾಡುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು.

ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕು. ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮೂ 1908ರ ನೋಂದಣಿ ಕಾಯ್ದೆಯೂ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ನೋಂದಣಿಯಾಗದ ಪತ್ರವನ್ನು ಅದರಲ್ಲಿನ ಷರತ್ತು ಸಾಧಿಸಲು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅವರು ಬಾಡಿಗೆದಾರರಾಗಿ ಒಳಗಿದ್ದರು ಎಂಬಷ್ಟನ್ನು ತೋರಿಸಲು ಮಾತ್ರ ಅದು ಉಪಯೋಗಕ್ಕೆ ಬಂದೀತು. ಅದಕ್ಕೂ ಮೊದಲು ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ ಆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ಹಾಗಾಗಿ ನಿಮ್ಮ ಐದು ವರ್ಷವೂ ಇಲ್ಲ, ಮೂರು ವರ್ಷದ ಕಟ್ಟೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅದು ತಿಂಗಳಿಂದ ತಿಂಗಳಿಗೆ ನಡೆದ ಬಾಡಿಗೆ. ಬಿಡಲು ಅವರು ಹದಿನೈದು ದಿನದ ನೋಟಿಸ್ ಕೊಡಬೇಕಿತ್ತು. ಕೊಡದೆ ಹೋದ ಆ ಅವಧಿಯ ಬಾಡಿಗೆಯನ್ನು ನೀವು ಧೈರ್ಯವಾಗಿ ಕೇಳಬಹುದು.

ನೋಂದಣಿ ಮಾಡಿಸಿದ್ದರೂ 22 ತಿಂಗಳ ಬಾಡಿಗೆ ಹಾಗೇ ಕೈಗೆ ಬರುತ್ತಿರಲಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು ಮಾತ್ರ ಸಿಗುತ್ತದೆ. ಹೊಸ ಬಾಡಿಗೆದಾರರನ್ನು ಹುಡುಕಲು ನೀವು ಏನು ಮಾಡಿದಿರಿ ಎಂದೂ ನ್ಯಾಯಾಲಯ ಕೇಳುತ್ತದೆ. ಜಾಹೀರಾತು ಹಾಕಿದಿರಾ, ಬಂದು ನೋಡಿದವರು ಯಾರು, ಯಾವ ತಿಂಗಳಿಂದ ಮತ್ತೆ ಬಾಡಿಗೆ ಬಂತು? ಕೈಕಟ್ಟಿ ಕೂತವರಿಗೆ ಖಾಲಿ ಬಿದ್ದ ತಿಂಗಳುಗಳ ಬಾಡಿಗೆ ಸಿಗುವುದಿಲ್ಲ.

ಹಾಗೆಂದು ಮೂರು ಲಕ್ಷವನ್ನೂ ಎಣಿಸಿ ಕೊಡಬೇಡಿ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ನೀವು ಲಘುವಾಗಿ ಬರೆದ ಸಂಗತಿಯೇ ನಿಮ್ಮ ಬಲ. ಅಂಗಳದಲ್ಲಿ ಈಜುಕೊಳಕ್ಕೆಂದು ಗುಂಡಿ ತೋಡಿ ಅರ್ಧಕ್ಕೆ ಬಿಟ್ಟಿದ್ದಾರೆ, ಎರಡು ಕೋಣೆಗಳ ಮರದ ನೆಲ ಕಿತ್ತುಬಂದಿದೆ, ಚೆಸ್ಕಾಂನ ಕರೆಂಟ್ ಬಿಲ್ ಬಾಕಿ ಇದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ ಬಳಕೆಯಿಂದ ಆಗುವ ಸಹಜ ಸವಕಳಿ ಬಿಟ್ಟು, ಪಡೆದಾಗಿನ ಸ್ಥಿತಿಯಲ್ಲೇ ಸ್ವತ್ತನ್ನು ಹಿಂದಿರುಗಿಸುವ ಹೊಣೆ ಅವರದು. ಅವರು ಹಾಕಿದ ಶೀಟಿನ ಸ್ನಾನದ ಕೋಣೆಯನ್ನು ಕಿತ್ತು ಒಯ್ಯುವ ಹಕ್ಕು ಅವರಿಗಿತ್ತು, ಜಾಗವನ್ನು ಮೊದಲಿನಂತೆ ಮಾಡಿಕೊಡುವ ಷರತ್ತಿನ ಮೇಲೆ. ಮಳೆನೀರು ತುಂಬಿ ಗುಂಡಿಯ ಅಂಚು ಜರಿಯುವ ಮೊದಲು ಎಂಜಿನಿಯರ್ ಒಬ್ಬರಿಂದ ಅಳತೆ ಸಹಿತ ಅಂದಾಜುಪಟ್ಟಿ ಮಾಡಿಸಿ. ದುರಸ್ತಿಯ ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಿ. ಈ ಖರ್ಚು, ಬಾಕಿ, ಹದಿನೈದು ದಿನದ ಬಾಡಿಗೆ ಕಳೆದು ಉಳಿದದ್ದನ್ನು ಲೆಕ್ಕದ ಪ್ರತಿಯೊಂದಿಗೆ ಬ್ಯಾಂಕ್ ಮೂಲಕ ಹಿಂದಿರುಗಿಸಿ. ನಿಮ್ಮ ವಿವರಣೆ ನೋಡಿದರೆ ಉಳಿಯುವುದು ಹೆಚ್ಚೇನೂ ಇರಲಾರದು.

ಇನ್ನೊಂದು ಮಾತು. ಹೋಂಸ್ಟೇ ನೋಂದಣಿ ನಿಮ್ಮ ಹೆಸರಿನಲ್ಲೇ ಇದೆ ಎಂದಿದ್ದೀರಿ. ಅಂದರೆ ಆ 14 ತಿಂಗಳು ಅಲ್ಲಿ ಯಾರು ತಂಗಿದರು ಎಂಬ ಪ್ರಶ್ನೆ ಪೊಲೀಸರಿಂದ ಬಂದರೆ ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನೇ. ಅತಿಥಿಗಳ ದಾಖಲೆ ಪುಸ್ತಕವನ್ನು ಅವರಿಂದ ಕೇಳಿ ಪಡೆಯಿರಿ. ಮುಂಗಡ ಕೊಡುವ ಮೊದಲೇ ಪಡೆಯಿರಿ.

ಪ್ರಶ್ನೆ: ಗೋಣಿಕೊಪ್ಪಲಿನಲ್ಲಿ ನನ್ನ ಮಳಿಗೆಯನ್ನು ಪುಸ್ತಕದಂಗಡಿಗೆಂದು ಐದು ವರ್ಷಕ್ಕೆ ನೋಂದಣಿ ಮಾಡಿಸಿಯೇ ಕೊಟ್ಟಿದ್ದೇನೆ. ಈಗ ಅರ್ಧ ಭಾಗದಲ್ಲಿ ಅವರ ಪರಿಚಯದವರೊಬ್ಬರು ಕೋಳಿ ಕರಿಯುವ ಅಂಗಡಿ ಇಟ್ಟಿದ್ದಾರೆ. ಮೇಲಿನ ಮನೆಗೆ ಹೊಗೆ, ಎಣ್ಣೆಯ ಜಿಡ್ಡು. ಕೇಳಿದರೆ, ಬಾಡಿಗೆ ಸರಿಯಾಗಿ ಬರುತ್ತಿದೆಯಲ್ಲ, ನಿಮಗೇನು ಎನ್ನುತ್ತಾರೆ. ಬಾಡಿಗೆ ಪ್ರತಿ ತಿಂಗಳು ಐದರಂದು ಯುಪಿಐನಲ್ಲಿ ಬರುತ್ತಿರುವುದು ನಿಜ.

ಉತ್ತರ: ಆ ಐದನೇ ತಾರೀಖೇ ನಿಮ್ಮನ್ನು ಸೋಲಿಸುತ್ತಿರುವುದು.

ಮೊದಲು ಕರಾರು ತೆಗೆದು ಮೂರು ಸಂಗತಿ ಹುಡುಕಿ. ಪುಸ್ತಕದಂಗಡಿಗೆ ಮಾತ್ರ ಎಂದಿದೆಯೇ? ಒಳಬಾಡಿಗೆ ಕೊಡಬಾರದು ಎಂದಿದೆಯೇ? ಷರತ್ತು ಮುರಿದರೆ ಮಾಲೀಕರು ಮಳಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬ ಸಾಲಿದೆಯೇ? ಮೂರನೆಯದು ಇಲ್ಲದಿದ್ದರೆ ಷರತ್ತು ಮುರಿದರು ಎಂಬುದಕ್ಕಾಗಿ ಅವಧಿಗೆ ಮೊದಲೇ ಬಿಡಿಸುವುದು ಕಷ್ಟ. ಆಗ ತಡೆಯಾಜ್ಞೆ ಮತ್ತು ನಷ್ಟಪರಿಹಾರಕ್ಕೆ ದಾವೆ ಹೂಡಬೇಕು. ಎರಡನೆಯದರ ಬಗ್ಗೆ ಹೆಚ್ಚಿನವರಿಗೆ ತಪ್ಪು ತಿಳಿವಳಿಕೆ ಇದೆ. ಕರಾರಿನಲ್ಲಿ ಬೇಡ ಎಂದು ಬರೆಯದಿದ್ದರೆ ಒಳಬಾಡಿಗೆ ಕೊಡುವ ಹಕ್ಕು ಬಾಡಿಗೆದಾರನಿಗೆ ಇದೆ.

ಮೂರೂ ಇವೆ ಎಂದುಕೊಳ್ಳೋಣ. ಬಳಕೆ ಬದಲಿಸಿದ ತಪ್ಪಿಗೆ, ಯಾವ ಷರತ್ತು ಹೇಗೆ ಮುರಿದಿದೆ ಎಂದು ತಿಳಿಸಿ, ಸರಿಪಡಿಸಲು ನ್ಯಾಯವಾದ ಕಾಲ ಕೊಟ್ಟು ಲಿಖಿತ ನೋಟಿಸ್ ಕೊಡಲೇಬೇಕು. ಒಲೆ ಎತ್ತಿಬಿಟ್ಟರೆ ಆ ಕಾರಣ ಅಲ್ಲಿಗೆ ಮುಗಿಯಿತು. ಒಳಬಾಡಿಗೆಯ ನಿಷೇಧ ಮುರಿದದ್ದಕ್ಕೆ ಹೀಗೆ ಸರಿಪಡಿಸುವ ಅವಕಾಶ ಕೊಡಬೇಕೆಂದಿಲ್ಲ. ಆದ್ದರಿಂದ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸದೆ ಬೇರೆ ಬೇರೆಯಾಗಿ ಬರೆಸಿ, ಗುತ್ತಿಗೆಯನ್ನು ಕೊನೆಗೊಳಿಸುತ್ತಿದ್ದೇನೆ ಎಂಬ ಮಾತು ಸ್ಪಷ್ಟವಾಗಿರಲಿ.

ಈಗ ಬಾಡಿಗೆಯ ವಿಷಯ. ಷರತ್ತು ಮುರಿದದ್ದು ಗೊತ್ತಿದ್ದೂ ಅದಾದ ಮೇಲಿನ ಬಾಡಿಗೆ ಸ್ವೀಕರಿಸಿದರೆ, ಆ ತಪ್ಪನ್ನು ನೀವು ಮನ್ನಿಸಿದಂತೆ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 112ನೇ ಕಲಂ ಹೇಳುತ್ತದೆ. ದಾವೆ ಹೂಡಿದ ನಂತರ ಪಡೆದ ಬಾಡಿಗೆಗೆ ಈ ತೊಂದರೆ ಇಲ್ಲ. ಹಾಗಾಗಿ ಈ ತಿಂಗಳ ಐದರಂದು ಹಣ ಬಂದರೆ ಅದೇ ದಿನ ಅದೇ ಖಾತೆಗೆ ಹಿಂದಿರುಗಿಸಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆದು ಕಳುಹಿಸಿ, ಆಮೇಲೆ ದಾವೆಗೆ ತಡ ಮಾಡಬೇಡಿ. ಎರಡು ತಿಂಗಳು ಬಾಡಿಗೆ ಬಿಡುವುದು ಭಾರ ಎನಿಸಿದರೆ ಅದನ್ನೂ ಯೋಚಿಸಿಯೇ ಹೆಜ್ಜೆ ಇಡಿ. ಬ್ಯಾಂಕ್ ಕಂತು ಈ ಬಾಡಿಗೆಯಿಂದಲೇ ಹೋಗುತ್ತಿದ್ದರೆ, ಹೊಗೆ ಕೊಳವೆ ಹಾಕಿಸಿಕೊಡಿ, ಬಾಡಿಗೆ ಹೆಚ್ಚಿಸಿ ಎಂದು ಕೂತು ಮಾತಾಡಿ ಹೊಸ ಪತ್ರ ಮಾಡಿಕೊಳ್ಳುವುದೂ ಅವಮಾನವೇನಲ್ಲ.

ಮಳಿಗೆಯ ಅಳತೆ ನೀವು ಬರೆದಿಲ್ಲ. 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ, ಮೀರದ ಮಳಿಗೆಗಳನ್ನು ಬಾಡಿಗೆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿಲ್ಲ. ನಿಮ್ಮದು ಅಷ್ಟು ಚಿಕ್ಕದಾಗಿದ್ದರೆ ದಾವೆಗೆ ಮುನ್ನ ನಿಮ್ಮ ವಕೀಲರು ಆ ಕಾಯ್ದೆಯ ಅನುಸೂಚಿಯನ್ನು ನೋಡಲೇಬೇಕು.

ಪ್ರಶ್ನೆ: ಪೊನ್ನಂಪೇಟೆ ತಾಲ್ಲೂಕಿನಲ್ಲಿ ನಮ್ಮ ಎರಡು ಎಕರೆ ಗದ್ದೆ. ನಾಟಿಗೆ ಆಳು ಸಿಗದೆ ಶುಂಠಿ ಬೆಳೆಯುವವರಿಗೆ ಒಂದು ವರ್ಷಕ್ಕೆ ಬಾಯಿಮಾತಿನಲ್ಲಿ ಕೊಟ್ಟೆ. ಅರ್ಧ ಹಣ ಮೊದಲು, ಅರ್ಧ ಹುತ್ತರಿ ಹಬ್ಬ ಕಳೆದ ಮೇಲೆ ಎಂದಿತ್ತು. ಬೆಲೆ ಬಿದ್ದಿತೆಂದು ಅರ್ಧ ಬೆಳೆ ಕಿತ್ತು ಹೊರಟುಹೋದರು. ಉಳಿದ ಹಣವಿಲ್ಲ, ಪಾತಿ ಸಮ ಮಾಡಿಲ್ಲ. ಹಿಂದಿನ ದಿನಾಂಕಕ್ಕೆ ಒಂದು ಕರಾರು ಬರೆದುಕೊಟ್ಟರೆ ಕೇಸು ಹಾಕಬಹುದು ಎಂದು ಗೆಳೆಯರು ಹೇಳಿದರು. ಗದ್ದೆ ನನ್ನ ಮತ್ತು ಸೇನೆಯಲ್ಲಿರುವ ತಮ್ಮನ ಜಂಟಿ ಹೆಸರಿನಲ್ಲಿದೆ.

ಉತ್ತರ: ಹಿಂದಿನ ದಿನಾಂಕದ ಪತ್ರವನ್ನು ನಾನು ಬರೆಯುವುದಿಲ್ಲ, ನೀವೂ ಯಾರಿಂದಲೂ ಬರೆಸಬೇಡಿ. ಅದು ಸುಳ್ಳು ದಾಖಲೆ ಸೃಷ್ಟಿಸಿದ ಅಪರಾಧವಾಗುತ್ತದೆ. ಸಾಲದೆಂಬಂತೆ, ಆ ಪತ್ರ ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಮನೆ, ಮಳಿಗೆಯ ನಿಯಮ ಗದ್ದೆಗೆ ಇಲ್ಲ. 1961ರ ಭೂಸುಧಾರಣಾ ಕಾಯ್ದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆ ಕೃಷಿ ಜಮೀನನ್ನು ಎಷ್ಟೇ ಕಡಿಮೆ ಅವಧಿಗೂ ಗೇಣಿಗೆ ಕೊಡುವಂತಿಲ್ಲ.  ಗದ್ದೆಯ ಶುಂಠಿಗೂ ಇದೇ ನಿಯಮ. ನಿಯಮ ಮೀರಿ ಗೇಣಿಗೆ ಕೊಟ್ಟ ಜಮೀನು ವಿಚಾರಣೆಯ ನಂತರ ಸರ್ಕಾರಕ್ಕೆ ಸೇರಲು ಕಾಯ್ದೆಯಲ್ಲಿ ಅವಕಾಶವಿದೆ. ಬಾಕಿ ಹಣಕ್ಕಾಗಿ ‘ಗೇಣಿಗೆ ಕೊಟ್ಟಿದ್ದೆ’ ಎಂದು ನ್ಯಾಯಾಲಯದಲ್ಲಿ ಹೇಳಹೊರಟರೆ ಎರಡು ಎಕರೆಯನ್ನೇ ಪಣಕ್ಕಿಟ್ಟಂತೆ.

ಸೇವೆಯಲ್ಲಿರುವ ಸೈನಿಕರಿಗೆ ಈ ನಿಷೇಧದಿಂದ ವಿನಾಯಿತಿ ಇರುವುದು ನಿಜ. ಮನೆಗೊಬ್ಬರು ಸೇನೆಯಲ್ಲಿರುವ ಈ ಜಿಲ್ಲೆಗೆ ಅದು ದೊಡ್ಡ ಅನುಕೂಲ. ಆದರೆ ಗುತ್ತಿಗೆ ಕೊಡುವವರು ಸೈನಿಕರೇ ಆಗಿರಬೇಕು, ಅದೂ ಬರಹದಲ್ಲಿ ಇರಬೇಕು. ತಮ್ಮ ಗಡಿಯಲ್ಲಿದ್ದಾಗ ನೀವು ಇಲ್ಲಿ ಆಡಿದ ಬಾಯಿಮಾತಿಗೆ ಆ ರಕ್ಷಣೆ ದಕ್ಕುವುದಿಲ್ಲ. ಮುಂದೆ ಅವರ ಪಾಲು ವಿಭಾಗವಾಗಿ, ಅವರೇ ಬರೆದುಕೊಟ್ಟರೆ ಬೇರೆ ಮಾತು.

ಸದ್ಯಕ್ಕೆ ಊರಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು ಆ ಬೆಳೆಗಾರರನ್ನು ಕರೆಸಿ. ಪೈಪುಗಳು, ಸ್ಪ್ರಿಂಕ್ಲರ್‌ಗಳು ಇನ್ನೂ ಗದ್ದೆಯಲ್ಲೇ ಇವೆ ಎಂದಿದ್ದೀರಿ, ಅವಕ್ಕಾಗಿ ಅವರು ಬಂದೇ ಬರುತ್ತಾರೆ. ಅವನ್ನು ಒತ್ತೆಯಾಗಿ ಹಿಡಿದಿಟ್ಟುಕೊಳ್ಳಬೇಡಿ. ಪಾತಿ ಸಮ ಮಾಡಿಸಿಕೊಡಿ, ಟ್ರ್ಯಾಕ್ಟರ್ ಖರ್ಚು ಕೊಡಿ ಎಂದು ಕೇಳಿ. ಉಳಿದ ಅರ್ಧ ಹಣ ಬಾರದಿದ್ದರೆ ಬಿಟ್ಟುಬಿಡಿ. ಬೇರೆಯವರಿಗೆ ಹೀಗೆ ಹೇಳಲು ನನಗೆ ಇಷ್ಟವಿಲ್ಲ, ನಿಮಗೆ ಹೇಳುತ್ತಿದ್ದೇನೆ, ಗದ್ದೆ ಉಳಿಯಬೇಕು.

ಪ್ರಶ್ನೆ: ಕುಶಾಲನಗರದ ಮನೆಯನ್ನು 6 ಲಕ್ಷಕ್ಕೆ ಮೂರು ವರ್ಷದ ಭೋಗ್ಯಕ್ಕೆ ಕೊಟ್ಟೆ. ಒಂದೇ ವರ್ಷಕ್ಕೆ, ವರ್ಗವಾಗಿದೆ, ಹಣ ಕೊಡಿ ಎನ್ನುತ್ತಿದ್ದಾರೆ. ಆ ಹಣವನ್ನು ಮೇಲಿನ ಮಹಡಿಗೆ ಹಾಕಿಬಿಟ್ಟಿದ್ದೇನೆ. ಅವಧಿ ಮುಗಿಯುವವರೆಗೆ ಕೊಡುವುದಿಲ್ಲ ಎನ್ನಬಹುದೇ? ಪತ್ರ ನೋಂದಣಿಯಾಗಿಲ್ಲ.

ಉತ್ತರ: ನೋಂದಣಿಯಾಗದ ಮೂರು ವರ್ಷಕ್ಕೆ ಬಲವಿಲ್ಲ ಎಂಬುದನ್ನು ಹೋಂಸ್ಟೇ ಪತ್ರದ ಉತ್ತರದಲ್ಲಿ ಹೇಳಿದ್ದೇನೆ. ನಿಮಗೂ ಅದೇ. ಅದನ್ನು ಅಡಮಾನವೆಂದು ನೋಡಿದರೂ ನೋಂದಣಿ ಬೇಕೇ ಬೇಕು. ಹಣ ಬರುವವರೆಗೆ ಅವರು ಕೀ ಕೊಡುವುದಿಲ್ಲ, ಬಡ್ಡಿಯನ್ನೂ ಕೇಳುತ್ತಾರೆ. ಹಟ ಬೇಡ. ಮೂರು ತಿಂಗಳ ಕಾಲಾವಕಾಶ ಕೇಳಿ ಇಬ್ಬರೂ ಸಹಿ ಹಾಕಿ, ಹೊಸಬರನ್ನು ಹುಡುಕುವ ಕೆಲಸದಲ್ಲಿ ಅವರನ್ನೂ ಸೇರಿಸಿಕೊಳ್ಳಿ. ಹೊಸಬರ ಹಣ ನಿಮ್ಮ ಖಾತೆಗೆ ಬಂದ ದಿನವೇ ಹಳಬರಿಗೆ ಬ್ಯಾಂಕ್ ಮೂಲಕ ಹೋಗಲಿ, ಕೀ ಕೈಗೆ ಬಂದ ಬಗ್ಗೆ ಅವರಿಂದ ರಸೀದಿ ಬರೆಸಿಕೊಳ್ಳಿ. ಈ ಬಾರಿ ಉಪನೋಂದಣಾಧಿಕಾರಿ ಕಚೇರಿಗೆ ಹೋಗುವ ಖರ್ಚನ್ನು ಉಳಿಸಬೇಡಿ. ಮಾತು ಮುರಿದರೆ ಲೋಕ ಅದಾಲತ್‌ಗೆ ದಾವೆಗೆ ಮೊದಲೇ ಅರ್ಜಿ ಕೊಡಬಹುದು, ಅದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಅಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದರೆ ಅದು ನ್ಯಾಯಾಲಯದ ಡಿಕ್ರಿಯಷ್ಟೇ ಗಟ್ಟಿ.

ಪ್ರಶ್ನೆ: ಮಡಿಕೇರಿಯ ಬಾಡಿಗೆ ಮನೆಯ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಜರಿದು ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತು. ಬಾಡಿಗೆದಾರರು ಎರಡು ಮಕ್ಕಳೊಂದಿಗೆ ರಾತ್ರೋರಾತ್ರಿ ನೆಂಟರ ಮನೆಗೆ ಹೋದರು. ಕರಾರಿನಂತೆ ಒಂದು ತಿಂಗಳ ನೋಟಿಸ್ ಕೊಡದೆ ಬಿಟ್ಟಿದ್ದಾರೆ. ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯಬಹುದೇ?

ಉತ್ತರ: ಹಿಡಿಯಬೇಡಿ. ಬೆಂಕಿ, ಬಿರುಗಾಳಿ, ನೆರೆ ಅಥವಾ ತಡೆಯಲಾಗದ ಇಂಥ ಶಕ್ತಿಯಿಂದ ಮನೆ ವಾಸಕ್ಕೆ ಬಾರದಷ್ಟು ಕೆಟ್ಟರೆ, ಗುತ್ತಿಗೆಯನ್ನು ಅಲ್ಲಿಗೇ ಕೊನೆಗಾಣಿಸುವ ಆಯ್ಕೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರನಿಗೆ ಕೊಟ್ಟಿದೆ. ಅವರು ಕರಾರು ಮುರಿದಿಲ್ಲ, ಮಕ್ಕಳನ್ನು ಉಳಿಸಿಕೊಂಡಿದ್ದಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದುಬಂದದ್ದನ್ನು ಕಂಡ ನಾವು ಬರೆಯ ಸದ್ದು ಕೇಳಿಯೂ ಒಂದು ತಿಂಗಳು ಕಾಯಿರಿ ಎಂದು ಯಾರಿಗೂ ಹೇಳಲಾಗದು.

ಬಿರುಕಿನ ಫೋಟೋ ತೆಗೆದು, ಅವರ ಸಾಮಾನನ್ನು ಹಗಲಿನಲ್ಲಿ, ಮಳೆ ನಿಂತಾಗ ಒಯ್ಯಲು ಬಿಡಿ. ಮುಂಗಡವನ್ನು ಪೂರ್ತಿ ಹಿಂದಿರುಗಿಸಿ, ಈ ವಾರವೇ. ಅವರು ಹೊಸ ಮನೆಗೆ ಮುಂಗಡ ಕಟ್ಟಬೇಕಾದ್ದು ಆ ಹಣದಿಂದಲೇ. ಆಮೇಲೆ ನಗರಸಭೆಗೆ ಲಿಖಿತವಾಗಿ ತಿಳಿಸಿ, ಎಂಜಿನಿಯರ್ ಬಂದು ಬರೆ ನೋಡುವವರೆಗೆ ಆ ಮನೆಯನ್ನು ಇನ್ನೊಬ್ಬರಿಗೆ ತೋರಿಸಬೇಡಿ.